ಬದ್ಗಿರಿಗೆ ಒಂದು ಟಿಕೆಟ್

ಮೂರು ದಿನದ ನೆಗಡಿಯನ್ನು ಜೊತೆಗಿಟ್ಟುಕೊಂಡು ತುಮಕೂರಿನಲ್ಲಿ ಪಾವಗಡದ ಬಸ್ಸು ಹತ್ತಿದ್ದೆ. ಕಂಡಕ್ಟರ್ ಬಂದು ಎದುರು ನಿಂತರು.

“ಎಲ್ಲಿಗೆ ಸಾರ್?”

“ಒದ್ದು ಬದ್ಗಿರಿ.”

ಅವರು ನನ್ನ ಮುಖವನ್ನೊಮ್ಮೆ, ಕಾಲನ್ನೊಮ್ಮೆ ನೋಡಿದರು. ಒಂದು ಎನ್ನಲು ಹೋಗಿ ಒದೆಯುವ ಮಾತಾಡಿದ್ದೆ. “ಬಡವನಳ್ಳಿಗಾ? ಈ ಬಸ್ಸು ಹೋಗಲ್ಲ ಸಾರ್. ಮದ್ಗಿರೀಲಿ ಇಳ್ಕಂಡು ಸಿರಾ ಬಸ್ ಹತ್ಬೇಕು.” ಅಲ್ಲವೆಂದು ತಲೆಯಾಡಿಸಿ, ಮೇಷ್ಟ್ರ ಹಾಗೆ ಅಕ್ಷರ ಬಿಡಿಸಿ ಹೇಳಿದೆ: “ಬ-ಧು-ಗಿ-ರಿ.” ಧಕಾರಕ್ಕೆ ಅಷ್ಟೊಂದು ಉಸಿರು ಖರ್ಚು ಮಾಡಿದ್ದು ವ್ಯರ್ಥವಾಯಿತು. ಕೊನೆಗೆ ಪಕ್ಕದಲ್ಲಿ ಕೂತಿದ್ದ ಅಜ್ಜಿ ನೆರವಿಗೆ ಬಂದರು. “ಮೂಗು ಕಟ್ಟೈತೆ ಕಣಪ್ಪ ಅವ್ರಿಗೆ. ಮದ್ಗಿರಿ ಅಂತಾವ್ರೆ, ಕೊಡು.”

ಟಿಕೆಟ್ ಕೈಗೆ ಬಂದ ಮೇಲೆ ಕಿಟಕಿಯ ಕಡೆ ತಿರುಗಿಕೊಂಡು ಊರುಗಳ ಹೆಸರನ್ನು ಒಂದೊಂದಾಗಿ ಹೇಳಿ ನೋಡಿದೆ. ಕೊರಟಗೆರೆ ಸರಿಯಾಗಿಯೇ ಬಂತು. ಸಿರಾ, ಪಾವಗಡ ಎರಡಕ್ಕೂ ಏನೂ ಆಗಲಿಲ್ಲ. ಮಧುಗಿರಿ ಮಾತ್ರ ಮತ್ತೆ ಬದ್ಗಿರಿ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಮೂರು ನನ್ನ ನೆಗಡಿಗೆ ಜಗ್ಗಲಿಲ್ಲ; ಜಿಲ್ಲೆಗೆ ಹೆಸರು ಕೊಟ್ಟ ಊರೇ ಕೈಕೊಟ್ಟಿತು.

ಇದನ್ನು ನೋಡಲು ನೀವು ನೆಗಡಿ ಬರುವ ತನಕ ಕಾಯಬೇಕಿಲ್ಲ. ಎರಡು ಬೆರಳಿನಿಂದ ಮೂಗು ಹಿಡಿದುಕೊಂಡು ಇದೇ ನಾಲ್ಕು ಹೆಸರು ಹೇಳಿ. ಮೂರರಲ್ಲಿ ಗಾಳಿ ಮೂಗಿನ ಕಡೆ ತಲೆ ಹಾಕುವುದೇ ಇಲ್ಲ, ಹಾಗಾಗಿ ಬೆರಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇನ್ನೂ ಮಜಾ ಬೇಕಿದ್ದರೆ ಮಧುಗಿರಿಯ ಗ್ರಾಮದೇವತೆಯ ಹೆಸರು ಹೇಳಿ: ದಂಡಿನ ಮಾರಮ್ಮ. ಅದು ಹೆಚ್ಚುಕಡಿಮೆ “ದಡ್ಡಿದ ಬಾರಬ್ಬ” ಆಗಿ ಹೊರಬರುತ್ತದೆ. ತಾಯಿ ಕ್ಷಮಿಸಲಿ. ಹಾಗೆಯೇ ನೆಗಡಿ ಬಂದವನು ತನ್ನ ಕಾಯಿಲೆಯ ಹೆಸರನ್ನೂ ಸರಿಯಾಗಿ ಹೇಳಲಾರ. ಅವನಿಗೆ ಬಂದಿರುವುದು ಯಾವಾಗಲೂ “ದೆಗಡಿ”.

ಶಾಲೆಯಲ್ಲಿ ನಾವು ಅನುನಾಸಿಕವೆಂದರೆ ಮೂಗಿನಿಂದ ಹುಟ್ಟುವ ಅಕ್ಷರ ಎಂದು ಬಾಯಿಪಾಠ ಮಾಡಿದೆವು. ಅದು ಅರ್ಧ ನಿಜ. ಮೂಗು ಇಲ್ಲಿ ಏನನ್ನೂ ಹುಟ್ಟಿಸುವುದಿಲ್ಲ, ದಾರಿ ಬಿಡುತ್ತದೆ ಅಷ್ಟೆ. ನಾದ ಹುಟ್ಟುವುದು ಗಂಟಲಿನ ಧ್ವನಿತಂತುಗಳಲ್ಲಿ. ಗಂಡಸಿನ ಮಾತಿನಲ್ಲಿ ಅವು ಸೆಕೆಂಡಿಗೆ ನೂರು ನೂರಿಪ್ಪತ್ತು ಸಲ, ಹೆಂಗಸಿನ ಮಾತಿನಲ್ಲಿ ಇನ್ನೂರರ ಆಸುಪಾಸು ಮಿಡಿಯುತ್ತವೆ. ಆ ನಾದ ಮೇಲಕ್ಕೆ ಬಂದಾಗ ಅದರ ಎದುರು ಎರಡು ದಾರಿ. ಯಾವುದು ತೆರೆದಿರಬೇಕು ಎಂಬುದನ್ನು ನಿರ್ಧರಿಸುವುದು ನಾವು ಎಂದೂ ಗಮನಿಸದ ಒಂದು ಪರದೆ.

ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಟ್ಟು, ಅಂಗುಳದ ಉದ್ದಕ್ಕೂ ನಿಧಾನವಾಗಿ ಹಿಂದಕ್ಕೆ ಸವರಿ. ಮೊದಲು ಒರಟೊರಟು ದಿಣ್ಣೆ, ಆಮೇಲೆ ಗಟ್ಟಿ ಗುಮ್ಮಟ, ಅದನ್ನೂ ದಾಟಿದರೆ ಮೆತ್ತಗೆ. ಆ ಮೆತ್ತನೆಯ ಭಾಗವೇ ಮೃದು ಅಂಗುಳ. ಅದರ ತುದಿಯಲ್ಲಿ ತೂಗಾಡುವುದು ಕಿರುನಾಲಿಗೆ. ಕನ್ನಡಿಯ ಎದುರು ಟಾರ್ಚು ಹಿಡಿದು “ಆ” ಎಂದರೆ ಈ ಪರದೆ ಮೇಲಕ್ಕೆ, ಹಿಂದಕ್ಕೆ ಎದ್ದು ಮೂಗಿನ ದಾರಿಯನ್ನು ಮುಚ್ಚುವುದು ಕಾಣುತ್ತದೆ. ಅದನ್ನು ಎತ್ತುವುದಕ್ಕೆ ಎರಡೂ ಬದಿಯಲ್ಲಿ ಸ್ನಾಯುಗಳಿವೆ. ಸುಮ್ಮನೆ ಉಸಿರಾಡುವಾಗ ಅದು ಇಳಿಬಿದ್ದಿರುತ್ತದೆ. ಮುದ್ದೆ ನುಂಗುವಾಗ ಎದ್ದು ನಿಲ್ಲುತ್ತದೆ, ಇಲ್ಲದಿದ್ದರೆ ಸಾರು ಮೂಗಿಗೆ ಏರುತ್ತದೆ. ನೀರು ಕುಡಿಯುವಾಗ ಯಾರೋ ನಗಿಸಿ ಮೂಗಿನಲ್ಲಿ ನೀರು ಬಂದ ಅನುಭವ ಎಲ್ಲರಿಗೂ ಇದೆ. ಪರದೆ ಕೆಲಸ ತಪ್ಪಿದ ಕ್ಷಣ ಅದು.

ಈಗ ಮ ಹೇಳುವುದು ಹೇಗೆ? ತುಟಿ ಮುಚ್ಚಿ, ಪರದೆ ಇಳಿಸಿ, ಗಂಟಲಿನಿಂದ ನಾದ ಬಿಡಿ. ಮೂಗಿನ ಕೆಳಗೆ ಒಂದು ಪುಟ್ಟ ಕನ್ನಡಿ ಹಿಡಿದರೆ ಹಬೆ ಕೂರುತ್ತದೆ. ಬ ಹೇಳುವುದು ಹೇಗೆ? ಅದೇ ತುಟಿ, ಅದೇ ಗಂಟಲು, ಪರದೆ ಮಾತ್ರ ಮೇಲೆ. ಕನ್ನಡಿ ಶುಭ್ರ. ಮ ಮತ್ತು ಬ ನಡುವೆ ಇರುವ ಅಂತರವೆಲ್ಲ ಇಷ್ಟೇ. ಆದ್ದರಿಂದ ನೆಗಡಿಯಲ್ಲಿ ಪರದೆ ಇಳಿದರೂ ಮುಂದಿನ ದಾರಿ ಕಟ್ಟಿಕೊಂಡಿರುವುದರಿಂದ ಮಕಾರ ಬೇರೆ ಏನೂ ಆಗದೆ ಬಕಾರವೇ ಆಗುತ್ತದೆ.

ನಮ್ಮ ವರ್ಣಮಾಲೆಯನ್ನು ಜೋಡಿಸಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕವರ್ಗ ಗಂಟಲಿನ ಹತ್ತಿರ ಶುರುವಾಗಿ, ಪವರ್ಗ ತುಟಿಯಲ್ಲಿ ಮುಗಿಯುತ್ತದೆ. ಪ್ರತಿ ಸಾಲಿನ ಐದನೆಯ ಮನೆ ಅನುನಾಸಿಕದ್ದು: ಙ ಞ ಣ ನ ಮ. ನೆಗಡಿಯಾದಾಗ ಪ್ರತಿ ಅನುನಾಸಿಕವೂ ತನ್ನ ಸಾಲಿನಲ್ಲಿ ಎರಡು ಮನೆ ಹಿಂದಕ್ಕೆ ಸರಿಯುತ್ತದೆ. ಮ ಹೋಗಿ ಬ, ನ ಹೋಗಿ ದ, ಣ ಹೋಗಿ ಡ. ಒಂದನೇ ತರಗತಿಯ ಗೋಡೆಯ ಮೇಲಿನ ಪಟ ನೆಗಡಿಯ ಪರಿಣಾಮವನ್ನು ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲದೆಂದು ನನಗೆ ಆ ಬಸ್ಸಿನವರೆಗೂ ಹೊಳೆದಿರಲಿಲ್ಲ. ಬಾಯಿ ಮತ್ತು ಮೂಗು ಎರಡೂ ಸೇರಿ ನುಡಿಯುವ ಧ್ವನಿಗೆ ಅನುನಾಸಿಕ ಎಂಬ ಹೆಸರೆಂದು ಪಾಣಿನಿ ಹೇಳಿದ್ದಾನೆ. ಅವನು ಮೂಗು ಎಂದಷ್ಟೇ ಹೇಳಿ ಬಿಡಲಿಲ್ಲ, ಬಾಯಿಯನ್ನೂ ಸೇರಿಸಿದ. ಆ ಬಾಯಿಯ ಪಾಲು ಏನು ಎಂಬುದೇ ಈ ಅಧ್ಯಾಯದ ಗಂಟು.

ಗಂಟನ್ನು ಹೀಗೆ ಇಡಬಹುದು. ಮೂಗಿನ ಹೊಳ್ಳೆಯನ್ನು ಅರಳಿಸಬಹುದು, ಆದರೆ ಅದರೊಳಗಿನ ಗುಹೆಯ ಆಕಾರವನ್ನು ಬದಲಾಯಿಸಲು ನಮಗೆ ಆಗದು. ಮ, ನ, ಣ ಮೂರರಲ್ಲೂ ನಾದ ಹೊರಬರುವುದು ಬದಲಾಗದ ಆ ಒಂದೇ ಗುಹೆಯಿಂದ. ಬಾಯಿಯಿಂದ ಗಾಳಿ ಹೊರಗೆ ಬರುವುದೇ ಇಲ್ಲ. ಹಾಗಿದ್ದರೆ ಕೇಳುವವರಿಗೆ ಇದು ಮ, ಇದು ನ ಎಂದು ತಿಳಿಯುವುದು ಹೇಗೆ?

ಇದಕ್ಕೆ ಉತ್ತರ ಹುಡುಕಲು ಸಿರಾ ಕಡೆ ಹೋಗೋಣ. ಅಲ್ಲಿನ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡೆ ಇದೆ. ಜುಂಜಪ್ಪ ಕಾಡುಗೊಲ್ಲರ ಸಾಂಸ್ಕೃತಿಕ ವೀರ, ದನ ಕಾದವನು. ಅವನ ಕಥೆ ಹಾಡುವವರ ಕೈಯಲ್ಲಿ ಗಣೆ ಇರುತ್ತದೆ, ಬಿದಿರಿನ ಉದ್ದನೆಯ ಕೊಳಲು. ಗಣೆಯ ರಂಧ್ರದ ಮೇಲೆ ಬೆರಳು ಬಿದ್ದರೆ ಒಳಗೆ ಮಿಡಿಯುವ ಗಾಳಿಯ ಉದ್ದ ಬದಲಾಗುತ್ತದೆ, ಸ್ವರ ಬದಲಾಗುತ್ತದೆ. ಮಾತನ್ನು ಊದುವ ವಾದ್ಯಕ್ಕೆ ಹೋಲಿಸುವುದು ಹೊಸದೇನಲ್ಲ. 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ, ನಾಭಿಯ ಮೂಲದಲ್ಲಿ ಶಬ್ದ ಹುಟ್ಟುವ ಬಗೆಗೆ ಕಹಳೆಯ ಹೋಲಿಕೆ ಕೊಟ್ಟ. ನಾನು ಕಹಳೆಯ ಬದಲು ಗಣೆ ಎನ್ನುತ್ತೇನೆ. ಸ್ವರಗಳ ಮಟ್ಟಿಗೆ ಹೋಲಿಕೆ ನೇರವಾಗಿದೆ: ನಾಲಿಗೆ ಅತ್ತಿತ್ತ ಆಡಿ ಬಾಯಿಯ ಕೊಳವೆಯ ಆಕಾರ ಬದಲಿಸಿದರೆ ಆ ಹೋಗಿ ಈ, ಈ ಹೋಗಿ ಊ. ಅನುನಾಸಿಕದಲ್ಲಿ ಮಾತ್ರ ಒಂದು ತಿರುವಿದೆ. ಇಲ್ಲಿ ನಾದ ಹೊರಗೆ ಹೋಗುವ ಕೊಳವೆ ಬೇರೆ, ನಾಲಿಗೆ ಆಡುವ ಕೊಳವೆ ಬೇರೆ.

ಮಾರಮ್ಮನ ಜಾತ್ರೆಯ ದಿನ ಬೀದಿ ತುಂಬ ಜನ ಸಾಗುತ್ತಿದ್ದಾರೆ ಅಂದುಕೊಳ್ಳಿ. ಬೀದಿಯ ಪಕ್ಕಕ್ಕೆ ಒಂದು ಸಂದಿ. ಒಳಗೆ ಹೋದರೆ ದಾರಿ ಇಲ್ಲ, ಕೊನೆಯಲ್ಲಿ ಗೋಡೆ. ಆ ಸಂದಿಯ ಅಳತೆಗೆ ಸರಿಹೋಗುವ ಒಂದು ಗುಂಪು ಅದರೊಳಗೆ ನುಗ್ಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬೀದಿಯ ತುದಿಯಲ್ಲಿ ನಿಂತು ಎಣಿಸುವವನಿಗೆ ಆ ಗುಂಪೊಂದು ಕಾಣೆಯಾಗಿರುತ್ತದೆ. ಮಕಾರದಲ್ಲಿ ಆಗುವುದು ಇದೇ. ಮೂಗು ತೆರೆದ ಬೀದಿ. ತುಟಿ ಮುಚ್ಚಿದ ಬಾಯಿ ಕುರುಡು ಸಂದಿ. ಅದರ ಉದ್ದ ಸುಮಾರು 8 ಸೆಂಟಿಮೀಟರ್. ಒಂದು ತುದಿ ಮುಚ್ಚಿದ ಕೊಳವೆ ತನ್ನ ನಾಲ್ಕು ಪಟ್ಟು ಉದ್ದದ ಅಲೆಗೆ ಮಿಡಿಯುತ್ತದೆ, ಅಂದರೆ 32 ಸೆಂಟಿಮೀಟರ್. ಬಾಯೊಳಗಿನ ಬೆಚ್ಚನೆ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 350 ಮೀಟರ್ ಓಡುತ್ತದೆ. ಭಾಗಿಸಿದರೆ ಹತ್ತಿರ ಹತ್ತಿರ 1,100 ಹರ್ಟ್ಸ್. ಆ ಎತ್ತರದ ನಾದವನ್ನು ಬಾಯಿ ನುಂಗಿಹಾಕುತ್ತದೆ, ಮೂಗಿನಿಂದ ಬರುವ ಧ್ವನಿಯಲ್ಲಿ ಅಲ್ಲೊಂದು ಹಳ್ಳ ಬೀಳುತ್ತದೆ.

ನ ಹೇಳುವಾಗ ನಾಲಿಗೆ ಹಲ್ಲಿನ ಹಿಂದೆ ಅಡ್ಡಗಟ್ಟುವುದರಿಂದ ಸಂದಿ ಗಿಡ್ಡವಾಗುತ್ತದೆ. ಐದೂವರೆ ಸೆಂಟಿಮೀಟರ್ ಎಂದುಕೊಂಡರೆ ಹಳ್ಳ 1,600 ಹರ್ಟ್ಸ್ ಹತ್ತಿರಕ್ಕೆ ಏರುತ್ತದೆ. ರಂಗ ಎನ್ನುವಾಗಿನ ಙ ಬಂದರಂತೂ ನಾಲಿಗೆಯ ಹಿಂಭಾಗವೇ ಎದ್ದು ಸಂದಿಯ ಬಾಯನ್ನೇ ಮುಚ್ಚಿಬಿಡುತ್ತದೆ. ಹಳ್ಳ 3,000 ಹರ್ಟ್ಸಿನ ಆಚೆಗೆ ಹೋಗುತ್ತದೆ. ಇದು ಬರೀ ಕಾಗದದ ಲೆಕ್ಕವಲ್ಲ. ಜಪಾನಿನ ಧ್ವನಿವಿಜ್ಞಾನಿ ಒಸಾಮು ಫುಜಿಮುರಾ 1962ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಮಕಾರದ ಹಳ್ಳ 750ರಿಂದ 1,250, ನಕಾರದ್ದು 1,450ರಿಂದ 2,200 ಹರ್ಟ್ಸ್ ನಡುವೆ ಸಿಕ್ಕಿತು. ಮುಚ್ಚಿದ ಬಾಯಿ, ತಾನು ಹೊರಗೆ ಏನನ್ನೂ ಬಿಡದೆಯೇ, ಮೂಗಿನ ಮಾತನ್ನು ತಿದ್ದುತ್ತದೆ. ಭೌತವಿಜ್ಞಾನದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿಗಳಲ್ಲಿ ಇದೊಂದು.

ಆದರೆ ಹಳ್ಳವೆಂದರೆ ಇಲ್ಲದ ಸದ್ದು. ಇಲ್ಲದ್ದನ್ನು ಕೇಳಿಸಿಕೊಳ್ಳುವುದು ಕಿವಿಗೆ ಕಷ್ಟ. ಜೊತೆಯವರನ್ನು ಬೆನ್ನ ಹಿಂದೆ ನಿಲ್ಲಿಸಿ ಮ್‌ಮ್‌ಮ್ ಎಂದು, ಆಮೇಲೆ ನ್‌ನ್‌ನ್ ಎಂದು ಎಳೆಯಲು ಹೇಳಿ, ಯಾವುದು ಯಾವುದೆಂದು ಊಹಿಸಿ. ಶಾಲಾ ಮಕ್ಕಳ ಜೊತೆ ಆಡಿದಾಗಲೆಲ್ಲ ನಾನು ಸೋತಿದ್ದೇನೆ. ಪಕ್ಕದಲ್ಲಿ ಒಂದು ಸ್ವರ ಸೇರಿಸಲು ಬಿಟ್ಟರೆ, ಮಾ, ನಾ ಎಂದರೆ, ಗೊಂದಲ ತಟ್ಟನೆ ಕರಗುತ್ತದೆ. ತುಟಿ ಬಿಚ್ಚುವಾಗ, ನಾಲಿಗೆ ಹಲ್ಲು ಬಿಟ್ಟು ಇಳಿಯುವಾಗ ಸ್ವರದ ಆರಂಭ ಬೇರೆಬೇರೆ ರೀತಿ ಬಾಗುತ್ತದೆ. ಕಿವಿ ಹಿಡಿಯುವ ಮುಖ್ಯ ಸುಳಿವು ಆ ಬಾಗು. ಹಳೆಯ ಟೆಲಿಫೋನು 300ರಿಂದ 3,400 ಹರ್ಟ್ಸ್ ನಡುವಿನ ಸದ್ದನ್ನಷ್ಟೇ ಸಾಗಿಸುತ್ತಿತ್ತು. ಅನುನಾಸಿಕದ ಗುಂಯ್‌ಗುಟ್ಟುವಿಕೆಯ ಬಲವೆಲ್ಲ ಇರುವುದು 250–300 ಹರ್ಟ್ಸ್ ಸುತ್ತ, ಅದರಲ್ಲಿ ಬಹುಪಾಲು ತಂತಿಯಲ್ಲಿ ಸಾಗುತ್ತಲೇ ಇರಲಿಲ್ಲ. ಬಾಗಿಗೂ ಸ್ವಲ್ಪ ಗೊರಗೊರ ಸೇರಿಕೊಂಡರೆ “ಮಂಜಪ್ಪನಾ ನಂಜಪ್ಪನಾ?” ಎಂದು ಎರಡೆರಡು ಸಲ ಕೇಳಬೇಕಾಗುತ್ತಿತ್ತು. ನಮ್ಮ ಕಡೆ ಊರಿಗೆ ನಾಲ್ಕು ಮಂಜಪ್ಪ, ಮೂರು ನಂಜಪ್ಪ ಇರುವುದರಿಂದ ಇದು ಸಣ್ಣ ತೊಂದರೆಯಲ್ಲ.

ಜುಂಜಪ್ಪನ ಹೆಸರನ್ನೇ ಇನ್ನೊಮ್ಮೆ ಮೆಲ್ಲಗೆ ಹೇಳಿ. ಸೊನ್ನೆ ಬರೆದ ಕಡೆ ನಿಮ್ಮ ನಾಲಿಗೆ ಎಲ್ಲಿದೆ? ಅದರ ಬೆನ್ನು ಅಂಗುಳಕ್ಕೆ ಅಂಟಿಕೊಂಡಿದೆ, ಅದು ಞ. ಸಿರಾ ಕೋಟೆ ಕಟ್ಟಿಸಿದನೆನ್ನುವ ಕಸ್ತೂರಿ ರಂಗಪ್ಪ ನಾಯಕನ ಹೆಸರಿನಲ್ಲಿ, ಕೊರಟಗೆರೆ ಮಧುಗಿರಿಗಳಲ್ಲಿ ಹರಿಯುವ ಜಯಮಂಗಲಿಯಲ್ಲಿ ಸೊನ್ನೆಯ ಜಾಗದಲ್ಲಿ ಬರುವುದು ಙ. ದಂಡಿನ ಮಾರಮ್ಮನಲ್ಲಿ ಣ, ತಂದೆಯಲ್ಲಿ ನ, ಕಂಬದಲ್ಲಿ ಮ. ಒಂದೇ ಸೊನ್ನೆ ಐದು ವೇಷ ಹಾಕುತ್ತದೆ. ಕಂಬ ಎನ್ನುವಾಗ ತುಟಿ ಮುಚ್ಚುವುದು ಒಂದೇ ಸಲ, ಎರಡು ಸಲವಲ್ಲ. ಮುಚ್ಚಿದ ತುಟಿಯ ಹಿಂದೆ ಪರದೆ ಮೊದಲು ಇಳಿದು ಆಮೇಲೆ ಏರುತ್ತದೆ, ಅಷ್ಟಕ್ಕೇ ಎರಡು ವ್ಯಂಜನ. ಮುಂದಿನ ಅಕ್ಷರವೇ ಜಾಗ ಹೇಳಿಬಿಡುವುದರಿಂದ ಅನುನಾಸಿಕಕ್ಕೆ ಬೇರೆ ಬೇರೆ ಗುರುತು ಬೇಕಾಗಲಿಲ್ಲ. ಲಿಪಿಯಲ್ಲಿ ಒಂದು ಉಂಗುರ ಸಾಕಾಯಿತು.

ಇದೇ ಕಾರಣಕ್ಕೆ ಙ, ಞ ಅಕ್ಷರಗಳು ಕನ್ನಡ ಬರಹಕ್ಕೆ ಬೇಕಿಲ್ಲವೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ವಾದಿಸಿದರು. ಬರಹದ ಮಟ್ಟಿಗೆ ಅವರ ಲೆಕ್ಕ ಸರಿಯೇ. ಆದರೂ ಆ ಪಟದಲ್ಲಿ ಪ್ರತಿ ಸಾಲಿನ ಕೊನೆಯ ಮನೆಯೂ ತುಂಬಿರಲಿ ಎಂಬ ಹಂಬಲ ನನ್ನದು. ಮೆಂಡಲೀವನ ಕೋಷ್ಟಕದಲ್ಲಿ ಯಾರೂ ಬಳಸದ ಧಾತು ಎಂದು ಮನೆ ಖಾಲಿ ಬಿಡುತ್ತೇವೆಯೇ?

ಬಸ್ಸು ಪಾವಗಡಕ್ಕೆ ಹೋಗುವುದಲ್ಲವೆ, ನಾವೂ ಅಲ್ಲಿಯವರೆಗೆ ಹೋಗೋಣ. ಮೂರು ಕಡೆಯಿಂದಲೂ ಆಂಧ್ರ ಆವರಿಸಿರುವ ತಾಲ್ಲೂಕು ಅದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅಲ್ಲಿನ ಬಹಳ ಮಕ್ಕಳ ದಿನಚರಿ. ಅಲ್ಲಿ ಒಂದು ಪದ ಇಡೀ ಅಧ್ಯಾಯಕ್ಕೆ ಸಾಕಾಗುವಷ್ಟು ಕೆಲಸ ಮಾಡುತ್ತದೆ: ಅನ್ನ. ಕನ್ನಡದಲ್ಲಿ ತಟ್ಟೆಯಲ್ಲಿರುವುದು ಅನ್ನ, ಎದುರು ಕೂತು ಉಣ್ಣುವವನು ಅಣ್ಣ. ತೆಲುಗಿನಲ್ಲಿ ಉಣ್ಣುವವನೇ ಅನ್ನ, ತಟ್ಟೆಯಲ್ಲಿರುವುದು ಅನ್ನಂ. ಕನ್ನಡದ ನಾಲಿಗೆ ಪದದ ಮಧ್ಯೆ ತುದಿಯನ್ನು ಮಡಿಸಿ ಅಣ್ಣನನ್ನು ಅನ್ನದಿಂದ ಬೇರೆ ಮಾಡುತ್ತದೆ. ತೆಲುಗು ಆ ಕೆಲಸವನ್ನು ಕೊನೆಯಲ್ಲಿ ತುಟಿ ಮುಚ್ಚಿ ಮುಗಿಸುತ್ತದೆ. ಎರಡೂ ಕಡೆ ಅನುನಾಸಿಕವೇ ಆಸರೆ.

ಇದರ ಹಿಂದೆ ಹಳೆಯ ಕಥೆಯಿದೆ. ನಮ್ಮ ಕಣ್ಣು ತೆಲುಗಿನಲ್ಲಿ ಕನ್ನು, ಮಣ್ಣು ಮನ್ನು, ಬೆಣ್ಣೆ ವೆನ್ನ. ದ್ರಾವಿಡದ ಒತ್ತು ಣಕಾರವನ್ನು ತೆಲುಗು ಯಾವತ್ತೋ ಹಲ್ಲಿನ ಕಡೆಗೆ ತಂದುಕೊಂಡಿತು. ಕನ್ನಡ, ತಮಿಳು ಹಾಗೇ ಉಳಿಸಿಕೊಂಡವು. ಪಾವಗಡದ ಮಗು ಕನ್ನಡ ಪಾಠ ಓದುತ್ತ ಅಣ್ಣನನ್ನು ಅನ್ನ ಎಂದರೆ ಅದು ಉಚ್ಚಾರ ಬರದ ಸೋಮಾರಿತನವಲ್ಲ, ಮನೆಮಾತಿನ ವ್ಯಾಕರಣ. ಸೋಲಾರ್ ಪಾರ್ಕಿನಿಂದ ಹೆಸರಾದ ತಿರುಮಣಿ ಅದೇ ತಾಲ್ಲೂಕಿನ ಊರು, ಅಲ್ಲಿಯ ಣಕಾರ ಯಾರ ಬಾಯಲ್ಲೂ ತಪ್ಪುವುದಿಲ್ಲ. ಹಾಗಾಗಿ ಮಗುವಿಗೆ ನಾಲಿಗೆ ಮಡಿಸಲು ಬಾರದೆಂದಲ್ಲ, ಎಲ್ಲಿ ಮಡಿಸಬೇಕೆಂಬ ರೂಢಿ ಬೇರೆ. ಮನೆ–ಮಣೆ, ಆನೆ–ಆಣೆ ಎಂಬ ಜೋಡಿಗಳನ್ನು ಆಟವಾಡಿಸಿದರೆ ಸಾಕು, ಬೆತ್ತ ಬೇಡ. ಕಿವಿ ಣಕಾರವನ್ನು ಹಿಡಿಯುವುದು ಬಹುಪಾಲು ಅದರ ಹಿಂದಿನ ಸ್ವರದಲ್ಲಿ. ನಾಲಿಗೆ ಮಡಿಸಿಕೊಳ್ಳಲು ಹೊರಟಾಗಲೇ ಆ ಸ್ವರ ಬಣ್ಣ ಬದಲಿಸುತ್ತದೆ. ಕನ್ನಡದ ಯಾವ ಪದವೂ ಣಕಾರದಿಂದ ಶುರುವಾಗದಿರುವುದಕ್ಕೆ ಭಾಷಾವಿಜ್ಞಾನಿಗಳು ಕೊಡುವ ಕಾರಣಗಳಲ್ಲಿ ಇದೂ ಒಂದು: ಹಿಂದೆ ಸ್ವರವಿಲ್ಲದಿದ್ದರೆ ಸುಳಿವೂ ಇಲ್ಲ.

ಪರದೆಯ ಇನ್ನೊಂದು ಗುಣವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅದು ನಿಧಾನಿ. ನಾಲಿಗೆಯ ತುದಿಯಷ್ಟು ಚುರುಕು ಅದಕ್ಕಿಲ್ಲ. ಆನೆ ಎನ್ನುವಾಗ ನಕಾರ ಬರುವ ಮೊದಲೇ ಪರದೆ ಇಳಿಯಲು ತೊಡಗಿರುತ್ತದೆ, ಆಕಾರಕ್ಕೂ ಸ್ವಲ್ಪ ಮೂಗಿನ ವಾಸನೆ ಹತ್ತಿರುತ್ತದೆ. ಆಟ ಎನ್ನುವಾಗಿನ ಆಕಾರ ಶುದ್ಧ. ಈ ನಿಧಾನಗತಿಯೇ ನೂರಾರು ವರ್ಷಗಳಲ್ಲಿ ಪದಗಳ ಮುಖವನ್ನು ಬದಲಿಸಿದೆ.

ತುಮಕೂರು ಜಿಲ್ಲೆಯಲ್ಲೇ ಅದಕ್ಕೆ ಸಾಕ್ಷಿ ಇದೆ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ ಇದೆಯಲ್ಲ, ತೋಟದಲ್ಲಿ ತಪಸ್ಸು ಮಾಡಿದವರೆಂದು ಅವರಿಗೆ ಆ ಹೆಸರು. ಹಾಗಾದರೆ ತೋಟ ಎನ್ನಬೇಕಿತ್ತಲ್ಲ, ತೋಂಟ ಏಕೆ? ಹಳೆಗನ್ನಡದಲ್ಲಿ ಅದು ತೋಂಟವೇ ಆಗಿತ್ತು. ದಾಟು ಎಂಬುದು ದಾಂಟು ಆಗಿತ್ತು. ಉದ್ದ ಸ್ವರದ ಮೇಲೆ ಪರದೆ ಬೇಗ ಇಳಿದು, ಅನುನಾಸಿಕದ ಬಣ್ಣವೆಲ್ಲ ಸ್ವರಕ್ಕೇ ಹತ್ತಿ, ವ್ಯಂಜನ ಕ್ಷೀಣಿಸಿತು. ಕೊನೆಗೆ ಆ ಬಣ್ಣವೂ ಮಾಸಿತು. ತೋಟದಲ್ಲಿ ದುಡಿಯುವ ಜನ ಪದವನ್ನು ಸವೆಸಿದರು, ಯತಿಗಳ ಹೆಸರು ಮಾತ್ರ ಸವೆಯದೆ ಉಳಿಯಿತು. ತೆಲುಗಿನ ಹಳೆಯ ಕಾವ್ಯಗಳಲ್ಲಿ ತೋಟ, ದಾಟು ಪದಗಳ ಮಧ್ಯೆ ಅರ್ಧ ಚಂದ್ರದಂಥ ಅರಸುನ್ನ ಬರೆಯುತ್ತಿದ್ದರು. ಅನುನಾಸಿಕ ಹೊರಟುಹೋದ ಮೇಲೂ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಅದು. ಇವತ್ತು ಪಾವಗಡದಲ್ಲಿ ಕನ್ನಡದವರಿಗೂ ತೆಲುಗಿನವರಿಗೂ ತೋಟ ತೋಟವೇ.

ಗಿಡ್ಡ ಸ್ವರದ ಮೇಲೆ ಹೀಗಾಗಲಿಲ್ಲ. ಗಂಟು ಗಟು ಆಗಲಿಲ್ಲ. ತಮಿಳಿನ ಒನ್ರು, ಪನ್ರಿ, ಮೂನ್ರು ಪದಗಳ ಪಕ್ಕ ನಮ್ಮವನ್ನು ಇಟ್ಟು ನೋಡಿ: ಒಂದು, ಹಂದಿ, ಮೂರು. ಗಿಡ್ಡ ಸ್ವರದ ಎರಡರಲ್ಲಿ ಸೊನ್ನೆ ಉಳಿದಿದೆ, ಉದ್ದ ಸ್ವರದ ಮೂರರಲ್ಲಿ ಹೋಗಿದೆ. ದಿನಾ ಲೆಕ್ಕ ಹಾಕುವಾಗ ಒಂದರಿಂದ ಮೂರಕ್ಕೆ ಬರುವಷ್ಟರಲ್ಲಿ ಈ ನಿಯಮ ನಮ್ಮ ಬಾಯಲ್ಲಿ ಹಾದುಹೋಗುತ್ತದೆ. ಸಂಸ್ಕೃತದಿಂದ ಬಂದ ಶಾಂತಿ, ಕಾಂತಿ ಮಾತ್ರ ಈ ಸವೆತಕ್ಕೆ ಸಿಕ್ಕಲಿಲ್ಲ. ಅವು ಪಂಡಿತರ ಕಾವಲಿನಲ್ಲಿದ್ದವು.

ಫ್ರೆಂಚ್ ಭಾಷೆ ನಡುದಾರಿಯಲ್ಲಿ ನಿಂತಿತು: ವ್ಯಂಜನವನ್ನು ಬಿಟ್ಟು, ಸ್ವರದ ಮೇಲಿನ ಮೂಗಿನ ಬಣ್ಣವನ್ನು ಇಟ್ಟುಕೊಂಡಿತು. ಅದನ್ನು ಕೇಳಲು ಪ್ಯಾರಿಸ್ಸಿಗೆ ಹೋಗಬೇಕಿಲ್ಲ, ಸಿರಾದಲ್ಲೇ ಇದೆ. ಒಂದು ಕಾಲಕ್ಕೆ ಮೊಗಲರ ಸುಬಾದ ಕೇಂದ್ರವಾಗಿದ್ದ, ಮಲಿಕ್ ರಿಹಾನ್ ದರ್ಗಾದ ಆ ಊರಿನಲ್ಲಿ ದಖನಿ ಉರ್ದು ಮನೆಮಾತಾಗಿರುವವರು ಬಹಳ. ದಖನಿಯಲ್ಲಿ ಒಂದು ಮಾತು ಬಾತ್, ಹಲವು ಮಾತು ಬಾತಾಂ. ಕೊನೆಯ ಆ ಸೊನ್ನೆಯನ್ನು ಕನ್ನಡದವರು ಮ್ ಎಂದು ತುಟಿ ಮುಚ್ಚಿ ಓದಿಬಿಡುತ್ತೇವೆ. ಅಲ್ಲಿ ತುಟಿಯೂ ಮುಚ್ಚುವುದಿಲ್ಲ, ನಾಲಿಗೆಯೂ ಅಡ್ಡ ಬರುವುದಿಲ್ಲ. ಬಾಯಿ ತೆರೆದೇ ಇದೆ, ಪರದೆ ಇಳಿದಿದೆ, ಎರಡೂ ಬೀದಿಯಲ್ಲಿ ಮೆರವಣಿಗೆ. ಬಹುವಚನಕ್ಕೆ ಅವರು ಮಾಡಿಕೊಂಡಿರುವ ಪ್ರತ್ಯಯದಲ್ಲಿ ಅರ್ಧ ಪಾಲು ಆ ಪರದೆಯದ್ದು.

“ಅವನು ಮೂಗಿನಲ್ಲಿ ಮಾತಾಡ್ತಾನೆ” ಎಂದು ನಾವು ಎರಡು ತದ್ವಿರುದ್ಧ ಸ್ಥಿತಿಗಳಿಗೆ ಒಂದೇ ಮಾತು ಹೇಳುತ್ತೇವೆ. ನನ್ನದು ನೆಗಡಿ: ಮೂಗಿಗೆ ಹೋಗಬೇಕಾದ ನಾದ ಹೋಗುತ್ತಿರಲಿಲ್ಲ. ಸೀಳಂಗುಳದೊಂದಿಗೆ ಹುಟ್ಟಿದ ಮಗುವಿನದು ಇದರ ಉಲ್ಟಾ. ಪರದೆ ಪೂರ್ತಿ ಮುಚ್ಚದೆ, ಹೋಗಬಾರದ ನಾದವೂ ಗಾಳಿಯೂ ಮೂಗಿಗೆ ಹೋಗುತ್ತದೆ. ಆ ಮಗುವಿಗೆ ಮಧುಗಿರಿಯ ಮ ಸಲೀಸು. ಪಾವಗಡದ ಪ, ಗ, ಡ, ಕೊರಟಗೆರೆಯ ಕ, ಟ, ಸಿರಾದ ಸ ದುಸ್ತರ, ಏಕೆಂದರೆ ಇವಕ್ಕೆಲ್ಲ ಬಾಯೊಳಗೆ ಗಾಳಿಯ ಒತ್ತಡ ಕಟ್ಟಬೇಕು. ಹಿಂದೆ ತೂತಿದ್ದರೆ ಒತ್ತಡ ನಿಲ್ಲದು. ನನಗೆ ಸಲೀಸಾದ ಮೂರು ಊರುಗಳೇ ಅದಕ್ಕೆ ಎಟುಕದವು. ಶಸ್ತ್ರಚಿಕಿತ್ಸೆಯ ನಂತರ ವಾಕ್ ಚಿಕಿತ್ಸೆಯೂ ಬೇಕಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಮೂಗು ಬಾಯಿಗಳ ನಡುವೆ ಒಂದು ತಟ್ಟೆ ಅಡ್ಡ ಹಿಡಿದು, ಮೇಲೊಂದು ಕೆಳಗೊಂದು ಮೈಕು ಇಟ್ಟು, ಯಾವ ದಾರಿಯಲ್ಲಿ ಎಷ್ಟು ಸದ್ದು ಬಂತೆಂದು ಅಳೆಯುತ್ತಾರೆ. ಕಿವಿಯ ಅಂದಾಜಿಗೆ ಒಂದು ಅಂಕಿ ಸಿಗುತ್ತದೆ, ಚಿಕಿತ್ಸೆ ಮುಂದುವರಿದಂತೆ ಅಂಕಿ ಇಳಿಯುವುದು ಕಾಣುತ್ತದೆ.

ಜಗತ್ತಿನ ಭಾಷೆಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಭಾಷೆಗಳಿಗೆ ಮಕಾರವಿದೆ. ಇಲ್ಲದವು ಕೆಲವೇ, ಉದಾಹರಣೆಗೆ ಪಪುವಾ ನ್ಯೂಗಿನಿಗೆ ಸೇರಿದ ಬೂಗನ್‌ವಿಲ್ ದ್ವೀಪದ ರೋಟೋಕಾಸ್, ಅಮೆರಿಕದ ವಾಯವ್ಯ ಕರಾವಳಿಯ ಕ್ವಿಲೆಯೂಟ್, ಲುಶೂಟ್‌ಸೀಡ್. ಮೂಗು ಕಟ್ಟಿಕೊಂಡರೂ ಆ ಭಾಷೆ ಆಡುವವರ ಮಾತಿಗೆ ನನಗಾದಂಥ ಗತಿ ಬರುವುದಿಲ್ಲ. ಉಳಿದವರೆಲ್ಲ ಈ ಅಕ್ಷರವನ್ನು ಎಷ್ಟು ಬೇಗ ಕಲಿಯುತ್ತೇವೆಂದರೆ ಅದು ತಾಯಿಯ ಹೆಸರೇ ಆಗಿಬಿಟ್ಟಿದೆ. ಮೊಲೆ ಕಚ್ಚಿದ ಮಗುವಿನ ಬಾಯಿ ತುಂಬಿರುತ್ತದೆ, ನಾದ ಹೊರಬರಲು ಉಳಿದಿರುವ ದಾರಿ ಮೂಗೊಂದೇ. ಆ ಗುನುಗೇ ಮುಂದೆ ಹಸಿವಿನ, ತಾಯಿಯ ಕರೆಯಾಯಿತು ಎಂದು ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ ಊಹಿಸಿದ. ಊಹೆ ಚೆಂದವಾಗಿದೆ, ಪೂರ್ತಿ ನಂಬಬೇಡಿ. ಜಾರ್ಜಿಯನ್ ಭಾಷೆಯಲ್ಲಿ ಮಾಮಾ ಎಂದರೆ ಅಪ್ಪ. ಅಷ್ಟು ದೂರ ಏಕೆ, ನಮ್ಮ ಹಳ್ಳಿಗಳಲ್ಲೇ ಅಮ್ಮನ ಪಕ್ಕದಲ್ಲಿ ಅವ್ವ ಇದ್ದಾಳೆ. ಅವಳನ್ನು ಕರೆಯಲು ಮೂಗು ಬೇಕಿಲ್ಲ, ನೆಗಡಿಯಲ್ಲೂ ಕರೆಯಬಹುದು.

ಹೇಳಬೇಕಾದ ಇನ್ನೊಂದು ಅನುನಾಸಿಕಕ್ಕೆ ಪಟದಲ್ಲಿ ಮನೆಯೇ ಇಲ್ಲ. ಅಜ್ಜಿ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕು, ಇಲ್ಲದಿದ್ದರೆ ಕಥೆ ಅಲ್ಲೇ ನಿಲ್ಲುತ್ತದೆ. ನಿದ್ದೆಗಣ್ಣಿನ ಮಗು ತುಟಿಯನ್ನೂ ಬಿಚ್ಚದೆ “ಹ್ಞೂಂ” ಎನ್ನುತ್ತದಲ್ಲ, ಅದು ಬರೀ ಪರದೆ ಮತ್ತು ಗಂಟಲಿನ ಮಾತು. ನಾಲಿಗೆ ಆಗಲೇ ಮಲಗಿರುತ್ತದೆ.

ಮಧುಗಿರಿಯ ಕೆಲಸ ಮುಗಿಸಿ ಸಂಜೆ ಹಿಂದಿರುಗುವ ಬಸ್ಸಿನಲ್ಲಿ ಈ ಬಾರಿ ಎಡವಟ್ಟಾಗಬಾರದೆಂದು ಮೊದಲೇ ಹೆಸರು ಸಿದ್ಧ ಮಾಡಿಕೊಂಡೆ. ನಾಲ್ಕು ತಾಲ್ಲೂಕುಗಳ ಲೆಕ್ಕದಲ್ಲಿ ಮುಳುಗಿ ಜಿಲ್ಲಾ ಕೇಂದ್ರವನ್ನು ಮರೆತಿದ್ದೆ. ಅದರ ನಡುವೆಯೂ ಒಂದು ಮ ಕೂತಿದೆ. “ತುಬಕೂರು” ಎಂದು ಎರಡು ಸಲ ಹೇಳಿಕೊಂಡು ಕೈಬಿಟ್ಟೆ. ಕಂಡಕ್ಟರ್ ಬಂದರು. “ತುಮ್ಕೂರಾ ಸಾರ್?” ತುಟಿ ಮುಚ್ಚಿ ಹ್ಞೂಂ ಎನ್ನಲು ಹೋದೆ. ಬಾಯಿಯ ಬಾಗಿಲು ಹಾಕಿತ್ತು, ಮೂಗಿನ ಬಾಗಿಲೂ ಹಾಕಿತ್ತು. ಸದ್ದು ಗಂಟಲಲ್ಲೇ ಉಳಿಯಿತು. ತಲೆಯಾಡಿಸಿ ದುಡ್ಡು ಕೊಟ್ಟೆ.